ನಮ್ಮೂರಿನ ನಂಟು ಯಾರ ಕಂಪ್ಯೂಟರಿನಲ್ಲಿದೆ?

"ಮನೇಲಿ ಅಕ್ಕಿ, ಸೀಮೆಎಣ್ಣೆ ಮುಗಿದ್ರೆ ಯಾರ ಮನೆಗೆ ಕೇಳೋಕೆ ಹೋಗ್ತೀರಿ? ಕೈಸಾಲ ಯಾರು ಕೊಡ್ತಾರೆ? ದೇವಸ್ಥಾನಕ್ಕೆ ಯಾರ ಜೊತೆ ಹೋಗ್ತೀರಿ?"

ದಕ್ಷಿಣ ಕರ್ನಾಟಕದ 75 ಹಳ್ಳಿಗಳ ಜನರಿಗೆ 2006ರ ಸುಮಾರಿಗೆ ಇಂಥ ಪ್ರಶ್ನೆಗಳನ್ನು ಕೇಳಲಾಗಿತ್ತು. ಕೇಳಿಸಿದ್ದು ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಅವರ ಸಂಗಡಿಗರು. ಪ್ರತಿ ಮನೆ ಒಂದು ಚುಕ್ಕಿ, ಪ್ರತಿ ನಂಟು ಒಂದು ಗೆರೆ. ಕಂಪ್ಯೂಟರಿನಲ್ಲಿ ಊರಿಗೆ ಊರೇ ರಂಗೋಲಿಯಾಯಿತು. ಮೈಕ್ರೋಫೈನಾನ್ಸ್ ಸಾಲದ ಸುದ್ದಿ ಹೇಗೆ ಹಬ್ಬುತ್ತದೆ ಎಂದು ನೋಡುವುದು ಅವರ ಉದ್ದೇಶ. ನಂಟಿನ ಜಾಲದಲ್ಲಿ ಹೆಚ್ಚು ಕೇಂದ್ರದಲ್ಲಿರುವ ಚುಕ್ಕಿಗೆ ಮೊದಲು ಹೇಳಿದ ಊರಿನಲ್ಲಿ ಸಾಲ ತೆಗೆದುಕೊಂಡವರೂ ಹೆಚ್ಚು ಎಂದು 2013ರಲ್ಲಿ ಬರೆದರು.

ಆಮೇಲೆ, "ಊರಿಗೆಲ್ಲ ಸುದ್ದಿ ಮುಟ್ಟಿಸಬೇಕಾದ್ರೆ ಯಾರಿಗೆ ಹೇಳಬೇಕು?" ಎಂದು ಜನರನ್ನೇ ನೇರವಾಗಿ ಕೇಳಿದರು. ಜನ ಹೇಳಿದ ಹೆಸರೂ ಲೆಕ್ಕದಲ್ಲಿ ಬಂದ ಹೆಸರೂ ಬಹುಮಟ್ಟಿಗೆ ಹೊಂದಿಕೊಂಡವು. ನಮ್ಮ ಅಜ್ಜಿಯರಿಗೆ ಇದು ಮೊದಲೇ ಗೊತ್ತಿತ್ತು ಬಿಡಿ!

ಅಧ್ಯಯನ ತಪ್ಪೆಂದು ನಾವು ಹೇಳುತ್ತಿಲ್ಲ. ಆದರೆ ಊರಿನ ನಂಟು ಬರೀ ಲೆಕ್ಕವಲ್ಲ, ಅದೊಂದು ಹಿಡಿತ. ಗುಂಪು ಸಾಲ ನಡೆಯುವುದೇ ನೆರೆಹೊರೆಯ ಮುಲಾಜಿನ ಮೇಲೆ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಅವಳ ಬಾಗಿಲಿಗೆ ಹೋಗಬೇಕು. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ವಸೂಲಿ ಕಿರುಕುಳ ತಾಳದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂತು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು.

ವೋಟಿನ ಕಥೆಯೂ ಇದೇ. 'ವೋಟ್ ಬ್ಯಾಂಕ್' ಎಂಬ ಮಾತು ಕೊಟ್ಟವರೆಂದು ಹೆಸರಾದ ಮೈಸೂರಿನ ಎಂ.ಎನ್. ಶ್ರೀನಿವಾಸ್, 1948ರಲ್ಲಿ ನಮ್ಮ ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸವಿದ್ದು ಊರನ್ನು ಅರಿತವರು. ಈಗ ಅಷ್ಟು ದಿನ ಯಾರೂ ಕೂರಬೇಕಿಲ್ಲ. ವಾಟ್ಸಾಪ್ ಗುಂಪು, ಮತದಾರರ ಪಟ್ಟಿ, ಒಂದು ಟ್ಯಾಬ್ ಸಾಕು. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಯ ಹೆಸರಲ್ಲಿ ಜನರ ಮಾಹಿತಿ ಕದ್ದ ಆರೋಪ ಎದ್ದಿದ್ದು ನೆನಪಿರಲಿ.

ಗುಂಡ್ಲುಪೇಟೆಯ ಹಳ್ಳಿಗಳಲ್ಲಿ ಸುದ್ದಿಗೆ ಓಡಾಡುವ ನಾವು ಒಂದನ್ನು ಕಂಡಿದ್ದೇವೆ. ಸರ್ವೆಯವರು ಬಂದರೆ ಜನ ಮೊದಲು ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ, ಆಮೇಲೆ ಎಲ್ಲ ಹೇಳಿಬಿಡುತ್ತಾರೆ. ಕಾಫಿ ಕೊಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಮೂರು ಮಾತು ಕೇಳಿ: ಕಳಿಸಿದ್ದು ಯಾರು? ಇದನ್ನು ಯಾರಿಗೆ ಕೊಡ್ತೀರಿ? ಲೆಕ್ಕ ಮುಗಿದ ಮೇಲೆ ನಮ್ಮ ಗ್ರಾಮಸಭೆಗೆ ಬಂದು ತೋರಿಸ್ತೀರಾ?

ಮೂರನೆಯದಕ್ಕೆ ಉತ್ತರ ಬರದಿದ್ದರೆ ಅಕ್ಕಿ ಯಾರ ಮನೆಯಿಂದ ತರ್ತೀವಿ ಅನ್ನೋದು ನಮ್ಮಲ್ಲೇ ಇರಲಿ.