ಹೊರದೇಶಕ್ಕೆ ಹೊರಟ ಕಲಾತಂಡದಿಂದ ಸಾಸ್ವೆಹಳ್ಳಿ ಡೊಳ್ಳು ಕಲಾವಿದರನ್ನು ಕೈಬಿಟ್ಟಿರುವ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಹೊರದೇಶಗಳಿಗೆ ಕಲಾತಂಡಗಳನ್ನು ಆರಿಸುವ ಸಮಿತಿ,
ಬೆಂಗಳೂರು.

ಇವರಿಂದ,
ಡೊಳ್ಳು ಕಲಾವಿದರು,
ಸಾಸ್ವೆಹಳ್ಳಿ ಹಾಗೂ ಸುತ್ತಲ ಗ್ರಾಮಗಳು,
ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ.

ವಿಷಯ: ಕಠ್ಮಂಡುವಿಗೆ ಹೊರಟ ಕಲಾತಂಡದಿಂದ ನಮ್ಮನ್ನು ಕೈಬಿಟ್ಟ ಆದೇಶವನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ನಾವು ಈಗಾಗಲೇ ಸಲ್ಲಿಸಿರುವ ಮೂರು ಮನವಿಗಳು. ಮೂರಕ್ಕೂ ಸ್ವೀಕೃತಿ ಮೊಹರು ಬಿದ್ದಿದೆ, ಉತ್ತರ ಒಂದಕ್ಕೂ ಬಂದಿಲ್ಲ.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವು ತಲೆಮಾರುಗಳಿಂದ ಬೀರೇಶ್ವರನ ಸೇವೆಯಲ್ಲಿ ಡೊಳ್ಳು ಬಾರಿಸಿಕೊಂಡು ಬಂದವರು. ಸಾಸ್ವೆಹಳ್ಳಿ ಎಂದರೆ ಸರ್ಕಾರದ ಕಡತಗಳಲ್ಲಿ ಏತ ನೀರಾವರಿ ಯೋಜನೆ ಎಂದೇ ಲೆಕ್ಕ. ನೀರು ಮೇಲೆತ್ತುವ ಪಂಪುಗಳ ಆಚೆಗೂ ಇಲ್ಲಿ ಜನ ಇದ್ದಾರೆ, ಅವರ ಕೈಯಲ್ಲಿ ಒಂದು ವಿದ್ಯೆ ಇದೆ ಎಂಬುದನ್ನು ತಮ್ಮ ಗಮನಕ್ಕೆ ತರಲು ಇದು ನಮ್ಮ ನಾಲ್ಕನೆಯ ಪ್ರಯತ್ನ.

ನೇಪಾಳದೊಂದಿಗೆ ಸ್ನೇಹ ಬೆಳೆಸುವ ಸಲುವಾಗಿ ಕಳುಹಿಸುವ ತಂಡದಲ್ಲಿ ನಮ್ಮ ಹದಿನಾಲ್ಕು ಜನರ ಹೆಸರಿತ್ತು. ಆಯ್ಕೆ ಪತ್ರ ನಮ್ಮ ಬಳಿ ಇದೆ (ಲಗತ್ತು 1). ಮೆಕ್ಕೆಜೋಳ ಮುರಿಯುವ ಕಾಲವಾದರೂ ಕೂಲಿಗೆ ಬೇರೆಯವರನ್ನು ಗೊತ್ತು ಮಾಡಿದೆವು. ಸಂಘದಲ್ಲಿ ಸಾಲ ಎತ್ತಿ ಹೊಸ ಕರಿ ಕಂಬಳಿ, ಗೆಜ್ಜೆ ತಂದೆವು (ರಸೀತಿಗಳು, ಲಗತ್ತು 2 ಮತ್ತು 3). ಹೊರಡುವ ಹಿಂದಿನ ದಿನ ಇಡೀ ಮಧ್ಯಾಹ್ನ ಡೊಳ್ಳುಗಳನ್ನು ಬಿಸಿಲಿಗಿಟ್ಟು, ಹಗ್ಗ ಬಿಗಿದು, ಚರ್ಮವನ್ನು ಹದಕ್ಕೆ ತಂದು, ಗೋಣಿಚೀಲ ಸುತ್ತಿ ಲಗೇಜ್ ಆಟೋಗೆ ಏರಿಸಿದ್ದಾಗಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು: ಬರುವುದು ಬೇಡ. ಅಷ್ಟೇ. ಕಾರಣ ಕೇಳುವಷ್ಟರಲ್ಲಿ ಕರೆ ಕಡಿತವಾಯಿತು. ಡೊಳ್ಳುಗಳನ್ನು ಇಳಿಸುವಾಗ ನಮ್ಮ ಹಿರಿಯರೊಬ್ಬರು ಒಂದು ಮಾತೂ ಆಡದೆ ಗೋಣಿ ಬಿಚ್ಚಿ ಮಡಚಿಟ್ಟದ್ದನ್ನು ನಾವು ಇನ್ನೂ ಮರೆತಿಲ್ಲ.

ಒಂದು ತಿಂಗಳು ಓಡಾಡಿದ ಮೇಲೆ ಎರಡು ಸಾಲಿನ ಹಿಂಬರಹ ಸಿಕ್ಕಿತು (ಲಗತ್ತು 4). ಅದರಲ್ಲಿ ಎರಡು ಕಾರಣ: ಸದಸ್ಯರ ಬಳಿ ಪಾಸ್‌ಪೋರ್ಟ್ ಇಲ್ಲ, ಸದಸ್ಯರಿಗೆ ಭಾಷೆ ಬಾರದು.

ಮೊದಲನೆಯ ಕಾರಣದ ಬಗ್ಗೆ ತಮಗೆ ನಾವು ನಿಯಮ ತಿಳಿಸಬೇಕಾಗಿ ಬಂದಿರುವುದಕ್ಕೆ ಕ್ಷಮೆ ಇರಲಿ. ಭಾರತದ ಪ್ರಜೆ ನೇಪಾಳಕ್ಕೆ ಹೋಗಲು ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಗುರುತಿನ ಚೀಟಿ ಸಾಕು. ಎರಡು ದೇಶಗಳ ನಡುವೆ 1950ರ ಜುಲೈ 31ರಂದು ಆದ ಒಪ್ಪಂದದ ಹೆಸರೇ ಶಾಂತಿ ಮತ್ತು ಸ್ನೇಹದ ಒಪ್ಪಂದ. ಮತ ಹಾಕಿಸಿಕೊಳ್ಳುವಾಗ ಸಾಕಾದ ಅದೇ ಚೀಟಿ ಡೊಳ್ಳು ಬಾರಿಸುವಾಗ ಸಾಲದೆ ಹೋದದ್ದು ಹೇಗೆಂದು ನಮಗೆ ಅರ್ಥವಾಗಿಲ್ಲ. ಹದಿನಾಲ್ಕೂ ಚೀಟಿಗಳ ದೃಢೀಕರಿಸಿದ ನಕಲುಗಳನ್ನು ಮತ್ತೊಮ್ಮೆ ಲಗತ್ತಿಸಿದ್ದೇವೆ (ಲಗತ್ತು 5ರಿಂದ 18). ಹಿಂದಿನ ಮೂರು ಮನವಿಗಳ ಜೊತೆಗೂ ಇವನ್ನೇ ಕೊಟ್ಟಿದ್ದೆವು. ಜೆರಾಕ್ಸ್ ಅಂಗಡಿಯವರು ಈಗ ನಮ್ಮಿಂದ ಅರ್ಧ ದುಡ್ಡು ಮಾತ್ರ ಇಸಿದುಕೊಳ್ಳುತ್ತಾರೆ.

ಎರಡನೆಯ ಕಾರಣ ನಮ್ಮನ್ನು ಹೆಚ್ಚು ನೋಯಿಸಿದೆ. ಡೊಳ್ಳಿಗೆ ಯಾವ ಭಾಷೆ ಬೇಕು ಸ್ವಾಮಿ? ಕಠ್ಮಂಡು ಕಣಿವೆಯ ನೇವಾರ ಜನರ ಬಳಿ ಧಿಮೆ ಎಂಬ ದೊಡ್ಡ ವಾದ್ಯವಿದೆ. ಮೆರವಣಿಗೆಯಲ್ಲಿ ಅದನ್ನು ಹೆಗಲಿಗೆ ನೇತುಹಾಕಿಕೊಂಡು, ಒಂದು ಕಡೆ ಬೆತ್ತದ ಕೋಲಿನಿಂದ, ಇನ್ನೊಂದು ಕಡೆ ಅಂಗೈಯಿಂದ ಬಾರಿಸುತ್ತಾರೆ. ಹೊರಡುವ ಮೊದಲು ನಮ್ಮ ಹುಡುಗರು ಮೊಬೈಲಿನಲ್ಲಿ ಅದನ್ನು ಹುಡುಕಿ ತೋರಿಸಿದಾಗ ನಮ್ಮ ಹಿರಿಯರು ಮೂರು ಸಲ ಹಾಕಿಸಿ ನೋಡಿದರು. ನಾಲ್ಕನೆಯ ಸಲ ನೋಡಲಿಲ್ಲ, ಕೂತಲ್ಲೇ ಮಂಡಿಯ ಮೇಲೆ ಅದರ ಲಯ ಬಾರಿಸಿ ತೋರಿಸಿದರು. ಆ ವಾದ್ಯದವರೂ ನಮ್ಮವರೂ ಒಂದು ಅಂಗಳದಲ್ಲಿ ಎದುರುಬದುರು ನಿಂತಿದ್ದರೆ ದುಭಾಷಿಗೆ ಕೆಲಸವಿರುತ್ತಿರಲಿಲ್ಲ.

ನಮ್ಮ ಜಾಗಕ್ಕೆ ಹೋದವರು ಯಾರೆಂದು ವಾಟ್ಸಾಪಿನಲ್ಲಿ ಬಂದ ಫೋಟೋಗಳಿಂದ ತಿಳಿಯಿತು (ಲಗತ್ತು 19, ಬಣ್ಣದ ಪ್ರತಿ). ನಗರದ ಒಂದು ನೃತ್ಯ ತಂಡ. ಫೈಬರ್ ಡೊಳ್ಳು. ವಿಡಿಯೋದಲ್ಲಿ ನಾದ ಸ್ಪೀಕರ್‌ನಿಂದ ಬರುತ್ತಿದೆ, ಅವರ ಕೈ ಗಾಳಿಯಲ್ಲಿ ಆಡುತ್ತಿದೆ. ಆ ಮಕ್ಕಳ ಮೇಲೆ ನಮಗೆ ಸಿಟ್ಟಿಲ್ಲ, ಚೆನ್ನಾಗಿಯೇ ಕುಣಿದಿದ್ದಾರೆ. ಆದರೆ ನೆರೆಯವರ ಮನೆಗೆ ಹೋಗುವಾಗ ಹೋಳಿಗೆಯ ಚಿತ್ರ ತೆಗೆದುಕೊಂಡು ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ.

ಕಲಾವಿದರು ಹೋಗಿ ಬಂದರೆ ದೇಶ ದೇಶಗಳ ಜಗಳ ತೀರುತ್ತದೆಯೇ ಎಂದು ತಮ್ಮ ಕಚೇರಿಯ ಒಬ್ಬರು ನಮ್ಮನ್ನು ನಗುತ್ತಾ ಕೇಳಿದರು. ತೀರುವುದಿಲ್ಲ, ಅಷ್ಟು ನಮಗೂ ಗೊತ್ತು. ಪಶುಪತಿನಾಥನ ಮುಖ್ಯ ಅರ್ಚಕರು ಕರ್ನಾಟಕದ ಭಟ್ಟರು. ಆದರೂ 2009ರಲ್ಲಿ ಅರ್ಚಕರ ನೇಮಕದ ವಿವಾದ ಎದ್ದು ನಮ್ಮ ಭಟ್ಟರ ಮೇಲೆಯೇ ಹಲ್ಲೆಯಾಯಿತು. 2015ರಲ್ಲಿ ಭೂಕಂಪದಿಂದ ಇನ್ನೂ ಚೇತರಿಸಿಕೊಳ್ಳದ ಆ ಜನರ ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತವು, ಒಲೆಗೆ ಗ್ಯಾಸ್ ಇಲ್ಲದಂತಾಯಿತು. 2020ರಲ್ಲಿ ಕಾಲಾಪಾನಿ, ಲಿಪುಲೇಖ್ ವಿಷಯಕ್ಕೆ ನಕಾಶೆಯ ಜಗಳ. ಇವನ್ನು ಡೊಳ್ಳು ತಡೆಯಲಾರದು. ಆದರೆ ಒಬ್ಬರ ಮನೆಯಲ್ಲಿ ಉಂಡು, ಅವರ ಜಗಲಿಯಲ್ಲಿ ಮಲಗಿ ಬಂದ ಹದಿನಾಲ್ಕು ಜನ ಊರಿಗೆ ಮರಳಿದ ಮೇಲೆ, ಕಟ್ಟೆಯ ಮೇಲೆ ಯಾರಾದರೂ ಆ ದೇಶದವರನ್ನು ಹೀನಾಯವಾಗಿ ಆಡಿಕೊಂಡರೆ ಸುಮ್ಮನೆ ಕೂರುವುದಿಲ್ಲ. ನಾವು ಹೇಳುವ ಶಾಂತಿ ಇಷ್ಟೇ ಅಳತೆಯದು.

ನಮ್ಮ ನಾಡಿನಲ್ಲಿ ಇದಕ್ಕೆ ಸಾಕ್ಷಿ ಕಡಿಮೆಯಿಲ್ಲ. ಕುಂದಗೋಳದ ಸವಾಯಿ ಗಂಧರ್ವರಿಗೂ ರೋಶನ್ ಆರಾ ಬೇಗಂ ಅವರಿಗೂ ಗುರು ಒಬ್ಬರೇ, ಅಬ್ದುಲ್ ಕರೀಂ ಖಾನ್. ಬೇಗಂ 1948ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಲಾಲಾಮೂಸಾದಲ್ಲಿ ನೆಲೆಸಿದರು; ಇತ್ತ ಸವಾಯಿ ಗಂಧರ್ವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಲ್ಲಿ, ಭೀಮಸೇನ ಜೋಶಿಯವರು ಪುಣೆಯಲ್ಲಿ ಹಾಡಿದರು. ಎರಡು ದೇಶ ಯುದ್ಧ ಮಾಡಿದವು, ಇವರೆಲ್ಲರ ಗಾಯನ ಪರಂಪರೆಯಾದ ಕಿರಾಣಾ ಘರಾಣೆಯನ್ನು ಪಾಲು ಮಾಡಿಕೊಳ್ಳಲು ಯಾರಿಂದಲೂ ಆಗಲಿಲ್ಲ. ಇನ್ನು ಹತ್ತಿರದ್ದು ಹೇಳುವುದಾದರೆ, ಕಾವೇರಿಯ ಕಾವಿನಲ್ಲಿ ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತ್ತು. ಅದು ಸರಿದದ್ದು 2009ರ ಆಗಸ್ಟ್ 9ರಂದು. ನಾಲ್ಕು ದಿನ ಕಳೆದು ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞ ನಿಂತ. ಸರ್ವಜ್ಞ ಹೊಳೆಯಾಚೆಯ ಹಿರೇಕೆರೂರು ಸೀಮೆಯವನು, ನಮ್ಮ ಪಕ್ಕದವನು. ಅವನಿಗೆ ತಮಿಳು ಬರುತ್ತದೆಯೇ ಎಂದು ಆಗ ಯಾವ ಸಮಿತಿಯೂ ಕೇಳಲಿಲ್ಲ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಒಂದೇ. ಸದರಿ ಹಿಂಬರಹವನ್ನು ಲಿಖಿತವಾಗಿ ಹಿಂಪಡೆಯಬೇಕು. ಮುಂದಿನ ತಂಡದಲ್ಲಿ ನಮ್ಮ ಹದಿನಾಲ್ಕೂ ಜನರಿಗೆ ಅವಕಾಶ ಕೊಡಬೇಕು. ಕೊಡಲಾಗದಿದ್ದರೆ ಕಾರಣವನ್ನು ಹೊರಡುವ ಹದಿನೈದು ದಿನ ಮೊದಲು ತಿಳಿಸಬೇಕು, ರಾತ್ರಿ ಹನ್ನೊಂದಕ್ಕಲ್ಲ.

ಇದರ ಜೊತೆಗೆ ಕೆಲವು ಸಣ್ಣ ವಿಷಯಗಳಿವೆ. ಕಾರ್ಯಕ್ರಮಗಳ ಸಂಭಾವನೆ ತಡವಾಗುತ್ತಿದೆ. ಮಂತ್ರಿಗಳ ಸ್ವಾಗತಕ್ಕೆ ಬಿಸಿಲಲ್ಲಿ ಮೂರು ತಾಸು ನಿಲ್ಲಿಸಿ ಕುಡಿಯುವ ನೀರು ಕೊಡುವುದಿಲ್ಲ. ಪ್ರಮಾಣಪತ್ರದಲ್ಲಿ ಡೊಳ್ಳು ಎಂಬುದನ್ನು ಡೋಲು ಎಂದು ಬರೆಯುತ್ತಾರೆ. ಇವೆಲ್ಲ ತಮಗೆ ತಿಳಿದ ಸಂಗತಿಗಳೇ.

ನಮ್ಮ ತಂಡದ ಅತಿ ಹಿರಿಯ ಸದಸ್ಯರಿಗೆ ಆಧಾರ್‌ನಲ್ಲಿ ವಯಸ್ಸು ಆರು ವರ್ಷ ಕಡಿಮೆ ನಮೂದಾಗಿರುವುದರಿಂದ ಕಲಾವಿದರ ಮಾಸಾಶನ ಸಿಕ್ಕಿಲ್ಲ. ಅವರ ಬಾಯಲ್ಲಿರುವ ಹಲ್ಲುಗಳ ಸಂಖ್ಯೆಯನ್ನು ಆಧರಿಸಿಯಾದರೂ ಪರಿಗಣಿಸಬೇಕಾಗಿ ಕೋರಿಕೆ. ಹಾಗೆಯೇ, ಭಾಷೆ ಅಗತ್ಯವಿಲ್ಲವೆಂಬುದು ನಮ್ಮ ದೃಢ ನಿಲುವಾದರೂ, ಸಮಿತಿಗೆ ಅಗತ್ಯವೆಂದು ಕಂಡುಬಂದಲ್ಲಿ ನಮ್ಮ ಕಾರ್ಯದರ್ಶಿಯವರ ಮಗ ಪದವೀಧರನಾಗಿದ್ದು, ಪುಣೆಯಲ್ಲಿ ಎರಡು ವರ್ಷ ಕೆಲಸ ಮಾಡಿ ಹಿಂದಿ ಬಲ್ಲವನಾಗಿರುವುದರಿಂದ, ಅವನನ್ನು ಹದಿನೈದನೆಯವನಾಗಿ ತಂಡದ ವ್ಯವಸ್ಥಾಪಕನೆಂದು ಗೌರವಧನದೊಂದಿಗೆ ಸೇರಿಸಿಕೊಳ್ಳಬಹುದು. ತಾಲೀಮಿಗೆ ಜಾಗವಿಲ್ಲದೆ ತೊಂದರೆಯಾಗಿದೆ. ನಮ್ಮ ಸದಸ್ಯರೊಬ್ಬರ ಮನೆಗೆ ಹೊಂದಿಕೊಂಡಂತೆ ಮೂರು ಗುಂಟೆ ಸರ್ಕಾರಿ ಜಾಗ ಖಾಲಿ ಬಿದ್ದಿದ್ದು, ಅಲ್ಲಿ ತಾಲೀಮು ಮನೆ ಕಟ್ಟಿಸಿಕೊಡಲು ಶಿಫಾರಸು ಮಾಡಬೇಕು. ಉಸ್ತುವಾರಿಯನ್ನು ಸದರಿ ಸದಸ್ಯರೇ ವಹಿಸಿಕೊಳ್ಳಲು ಒಪ್ಪಿರುತ್ತಾರೆ.

ಈ ಮನವಿಯನ್ನು ಟಪಾಲಿಗೆ ಹಾಕದೆ ನಮ್ಮಲ್ಲಿ ನಾಲ್ವರು ಮುದ್ದಾಂ ತಂದು ಕೊಡುತ್ತಿದ್ದೇವೆ. ಜೊತೆಯಲ್ಲಿ ಒಂದು ಡೊಳ್ಳೂ ಇದೆ. ಬಾರಿಸುವ ಉದ್ದೇಶವಿಲ್ಲ, ಫೈಬರ್ ಅಲ್ಲವೆಂದು ತಾವು ಮುಟ್ಟಿ ನೋಡಲಿ ಎಂದು ಮಾತ್ರ.


ತಮ್ಮ ವಿಶ್ವಾಸಿಗಳು,
(ಹದಿನಾಲ್ಕು ಜನರ ಸಹಿ ಹಾಗೂ ಹೆಬ್ಬೆಟ್ಟಿನ ಗುರುತು)
ಸ್ಥಳ: ಸಾಸ್ವೆಹಳ್ಳಿ

ವಿ.ಸೂ.: ಲಗತ್ತು 11ರ ಗುರುತಿನ ಚೀಟಿಯಲ್ಲಿ ನಮ್ಮ ಸದಸ್ಯರ ಲಿಂಗ ‘ಸ್ತ್ರೀ’ ಎಂದು ತಪ್ಪಾಗಿ ಮುದ್ರಣವಾಗಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟಿದೆ. ಅದರ ಸ್ವೀಕೃತಿಯನ್ನು ಲಗತ್ತು 20ರಲ್ಲಿ ಇರಿಸಿದೆ.