ಕುಣಿಯುವವಳ ಮರ್ಯಾದೆ

ಕಳೆದ ರಜೆಯಲ್ಲಿ ಅಡಿಬರಹಗಳ ಆಸರೆಯಿಂದ ಒಂದು ಫ್ರೆಂಚ್ ಚಿತ್ರ ನೋಡಿದೆ. ಹೆಸರು ‘ಫ್ರೆಂಚ್ ಕ್ಯಾನ್‌ಕ್ಯಾನ್’, ೧೯೫೫ರದು. ನಿರ್ದೇಶಕ ಜ್ಯಾಂ ರೆನ್ವಾರ್. ಅದಕ್ಕೂ ಮುಂಚೆ ಬಂಗಾಳಕ್ಕೆ ಬಂದು ‘ದಿ ರಿವರ್’ ತೆಗೆದವನು.

೧೮೮೯ರಲ್ಲಿ ಪ್ಯಾರಿಸಿನಲ್ಲಿ ಮುಲಾಂ ರೂಜ್ ಎಂಬ ನೃತ್ಯಶಾಲೆ ತೆರೆದದ್ದು ಚರಿತ್ರೆ. ಉಳಿದದ್ದು ಬಹುಮಟ್ಟಿಗೆ ಕಲ್ಪನೆ. ಸಾಲದಲ್ಲಿ ಮುಳುಗಿದ ದಾಂಗ್ಲಾರ್ ಎಂಬುವನು ಬಟ್ಟೆ ಒಗೆಯುವ ನೀನಿಯನ್ನು ಕರೆತಂದು ಕುಣಿತ ಕಲಿಸುತ್ತಾನೆ. ಆ ಅಭ್ಯಾಸವನ್ನು ನೋಡಬೇಕು! ಕಾಲು ಹಿಗ್ಗಿಸಿ ಹಿಗ್ಗಿಸಿ ಹುಡುಗಿಯರು ನೋವಿನಿಂದ ಮುಖ ಕಿವಿಚುತ್ತಾರೆ. ರಂಗದ ಮೇಲೆ ನಗುವವಳ ಬೆವರು ನಮಗೆ ಕಾಣುವುದೇ ಇಲ್ಲ. ಕಡೆಗೆ ಅವನ ಮನಸ್ಸು ಇನ್ನೊಬ್ಬಳತ್ತ ಹೊರಳಿತೆಂದು ತಿಳಿದು ನೀನಿ ಕುಣಿಯಲೊಲ್ಲೆನೆನ್ನುತ್ತಾಳೆ. ತನಗೆ ರಂಗವೇ ಸರ್ವಸ್ವವೆಂದು ಅವನು ಗದರುತ್ತಾನೆ. ಅವಳು ಕುಣಿಯುತ್ತಾಳೆ, ಅವನು ಪರದೆಯ ಹಿಂದೆ ಕುರ್ಚಿಯಲ್ಲಿ ಕುಳಿತು ಕಾಲಿನಲ್ಲೇ ತಾಳ ಹಾಕುತ್ತಾನೆ. (ಹುಡುಗಿಯರನ್ನು ಒಬ್ಬರಾದ ಮೇಲೊಬ್ಬರಂತೆ ಮರೆಯುವುದಕ್ಕೆ ಕಲೆಯ ನೆಪ ಸಲ್ಲದೆಂದೇ ನನ್ನ ಮತ.)

ನನಗೆ ನೆನಪಾದದ್ದು ಪ್ಯಾರಿಸಲ್ಲ, ನಮ್ಮ ಹೊನ್ನಾಳಿ ಸೀಮೆಯ ಕಂಪನಿ ನಾಟಕ. ದಾವಣಗೆರೆಯ ಚಿಂದೋಡಿ ಲೀಲಾ ಅವರ ‘ಹಳ್ಳಿ ಹುಡುಗಿ’ಯ ಮಾತೆತ್ತಿದರೆ ನಮ್ಮಜ್ಜಿಯ ಮುಖ ಇಂದಿಗೂ ಅರಳುತ್ತದೆ. ಆ ಕಲಾವಿದೆಗೆ ೧೯೮೮ರಲ್ಲಿ ಪದ್ಮಶ್ರೀ ಬಂತು, ೨೦೧೦ರಲ್ಲಿ ತೀರಿಕೊಂಡರು. ‘ಹಾಗಾದರೆ ನಾನೂ ನಾಟಕ ಸೇರಲೇ ಅಜ್ಜಿ?’ ಎಂದೆ. ‘ನೋಡಾಕ ಚಂದ ಕಣವ್ವಾ, ನಮ್ಮನಿ ಹುಡುಗಿಗಲ್ಲ’ ಎಂದಳು. ಚನ್ನಗಿರಿಯಾಗಲಿ, ನ್ಯಾಮತಿಯಾಗಲಿ, ಯಾವ ಮನೆಯಲ್ಲಿ ಕೇಳಿದರೂ ಇದೇ ಉತ್ತರವೆಂದು ಕಾಣುತ್ತದೆ. ಟಿಕೆಟ್ಟು ಕೊಂಡು ಚಪ್ಪಾಳೆ ತಟ್ಟುವವರು ನಾವೇ. ಮನೆಗೆ ಹೋಗುವ ದಾರಿಯಲ್ಲಿ ಅವಳ ನಡತೆಯ ವಿಚಾರಣೆ ನಡೆಸುವವರೂ ನಾವೇ. ನಟನನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ವಿದ್ಯಾವಂತರಾದ ನಾವು ಬದಲಾಗಿದ್ದೇವೆಯೇ? ಈ ವರ್ಷ ವಾರ್ಷಿಕೋತ್ಸವಕ್ಕೆ ಎಂಟು ಮಂದಿ ಕೋಲಾಟ ಕಲಿತೆವು. ಎಲ್ಲರಿಗೂ ಹೆಜ್ಜೆ ತಿದ್ದಿದವಳು ಜಗಳೂರಿನ ಗೆಳತಿ. ಮೂರು ದಿನ ಮುಂಚೆ ಯಾರೋ ನಂಟರು ಅವಳ ಮನೆಗೆ ಸುದ್ದಿ ಮುಟ್ಟಿಸಿದರು. ಅವಳು ಅಳಲಿಲ್ಲ, ಕೋಲುಗಳನ್ನು ತಂದು ನನ್ನ ಕೈಗಿತ್ತಳು. ಜೋಡಿ ತಪ್ಪಬಾರದೆಂದು ನಾವು ಆರೇ ಮಂದಿ ಆಡಿದೆವು, ಏಳನೆಯವಳು ಹಾಡಿದಳು. ಗೆಳತಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಳು. ಆಟ ಮುಗಿಯುವವರೆಗೂ ಅವಳ ಪಾದ ತಾಳ ಹಾಕುತ್ತಲೇ ಇತ್ತೆಂದು ಪಕ್ಕದಲ್ಲಿದ್ದವರು ಆಮೇಲೆ ಹೇಳಿದರು.