ಛಾಯಾಚಿತ್ರವೂ ಭಾವಚಿತ್ರವೂ

ಬೇಸಿಗೆಯ ರಜೆ ಬಂದೊಡನೆ ಗೃಹಸ್ಥರು ಮಕ್ಕಳುಮರಿಗಳೊಡನೆ ನೀರಿರುವೆಡೆಗೆ ಹೊರಡುವುದು ಲೋಕರೂಢಿ. ಅನುಕೂಲವುಳ್ಳವರು ಮೆಡಿಟರೇನಿಯನ್ ಸಮುದ್ರದ ದ್ವೀಪಗಳವರೆಗೂ ಹೋಗಿಬರುತ್ತಾರೆ. ಉಳಿದವರಿಗೆ ನಮ್ಮ ಕನಕಪುರ ಸೀಮೆಯ ಸಂಗಮ, ಮೇಕೆದಾಟುಗಳೇ ಸಾಕು. ಎಲ್ಲಿಗೆ ಹೋದರೂ ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಚಿತ್ರ ತೆಗೆಯುವ ಮೊಬೈಲು ಇದ್ದೇ ಇರುತ್ತದೆ. ಆದುದರಿಂದ ವಿಹಾರಕಾಲದ ಚಿತ್ರಗಳನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬಯಸುತ್ತೇವೆ.

ಫೋಟೋ ಎಂಬುದಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಒಂದು ಛಾಯಾಚಿತ್ರ, ಇನ್ನೊಂದು ಭಾವಚಿತ್ರ. ಛಾಯೆಯೆಂದರೆ ನೆರಳು, ಅದು ಬೆಳಕಿನ ಕಾರ್ಯ, ಯಂತ್ರವು ಕ್ಷಣಾರ್ಧದಲ್ಲಿ ಅದನ್ನು ಹಿಡಿದುಕೊಡುತ್ತದೆ. ಭಾವವು ಮನಸ್ಸಿನ ಕಾರ್ಯ. ಅದನ್ನು ಹಿಡಿಯಬೇಕಾದರೆ ಹಿಡಿಯುವವನ ಮನಸ್ಸು ಮೊದಲು ನೆಲೆನಿಂತಿರಬೇಕು.

ಗ್ರೀಸ್ ದೇಶಕ್ಕೆ ಸೇರಿದ ಸಾಂತೋರಿನಿ ದ್ವೀಪದಲ್ಲಿ ಈಯಾ ಎಂಬ ಪುಟ್ಟ ಊರಿದೆ. ಸುಣ್ಣ ಬಳಿದ ಬಿಳಿಯ ಮನೆಗಳು, ಕೆಳಗೆ ನೀಲಿಯ ಕಡಲು. ಸೂರ್ಯಾಸ್ತದ ಚಿತ್ರ ತೆಗೆಯಲು ಅಲ್ಲಿ ಪ್ರತಿ ಸಂಜೆ ಜನಜಂಗುಳಿ ನೆರೆಯುತ್ತದೆ. ಹಿಂದೆ ನಿಂತವನಿಗೆ ಮುಂದಿನವರ ಎತ್ತಿದ ಕೈಗಳೇ ಕಾಣುವ ದೃಶ್ಯ! ವಿಶ್ರಾಂತಿಗೆಂದು ಅಷ್ಟು ದೂರ ಹೋದವರು ಅಲ್ಲಿಯೂ ನೂಕುನುಗ್ಗಲಿನಲ್ಲಿ ನಿಲ್ಲುವುದಾದರೆ, ದೊರೆತದ್ದು ಛಾಯೆಯೇ ಹೊರತು ವಿಶ್ರಾಂತಿಯಲ್ಲ.

ಇನ್ನು ನಮ್ಮ ಸಂಗಮಕ್ಕೆ ಬರೋಣ. ನಂದಿಬೆಟ್ಟದ ಕಡೆಯಿಂದ ಹುಟ್ಟಿ, ರಾಮನಗರ, ಕನಕಪುರಗಳನ್ನು ದಾಟಿ ಹರಿಯುವ ಅರ್ಕಾವತಿಯು ಇಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ಮೇಲೇಳುತ್ತವೆ. ಹರಿಗೋಲುಗಳು ಆಚೆ ದಡಕ್ಕೆ ಜನರನ್ನು ಸಾಗಿಸುತ್ತವೆ. ನಡುಹಗಲಿನಲ್ಲಿ ಬಂಡೆಗಳು ಕಣ್ಣು ಕುಕ್ಕುವಂತೆ ಬೆಳಗುವುದರಿಂದ ಚಿತ್ರದಲ್ಲಿ ಮುಖಗಳು ಕಪ್ಪಿಡುತ್ತವೆ. ಆ ಹೊತ್ತು ದಡದ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಮಲಗಿ, ಮಕ್ಕಳಿಗೆ ಕಥೆ ಹೇಳುವುದೇ ಸರಿ. ಬೆಳಗಿನ ಹಾಗೂ ಇಳಿಹೊತ್ತಿನ ಓರೆ ಬಿಸಿಲು ಮುಖಕ್ಕೂ ನೀರಿಗೂ ಹಿತವಾದದ್ದು. ಚಿತ್ರಕ್ಕೆ ಒದಗುವ ಹೊತ್ತು ಬೇರೆ, ವಿಶ್ರಾಂತಿಗೆ ಒದಗುವ ಹೊತ್ತು ಬೇರೆ. ನಿಸರ್ಗವೇ ಹೀಗೆ ಹಂಚಿಕೊಟ್ಟಿದೆ.

ಹಿಂದೆ ಒಂದು ಫಿಲ್ಮ್ ರೋಲಿನಲ್ಲಿ 36 ಚಿತ್ರಗಳಷ್ಟೇ ದೊರೆಯುತ್ತಿದ್ದವು. ಆದುದರಿಂದ ಮನೆಯ ಯಜಮಾನರು ಎಣಿಸಿ ಎಣಿಸಿ ಗುಂಡಿ ಒತ್ತುತ್ತಿದ್ದರು. ಆ ಬಡತನವೇ ನೋಡುವುದನ್ನು ಕಲಿಸಿತ್ತು. 1977ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರು ಸಾಮಾನ್ಯ ಜನರ, ಮಕ್ಕಳ ನಿತ್ಯಜೀವನವನ್ನು ಕಪ್ಪು-ಬಿಳುಪಿನಲ್ಲಿ ಸೆರೆಹಿಡಿದರು. ಅವರ ಚಿತ್ರಗಳಲ್ಲಿ ಜನ ತಮ್ಮ ಪಾಡಿಗೆ ತಾವಿರುವಂತೆ ಕಾಣುತ್ತಾರೆ. ಭಾವಚಿತ್ರವೆಂಬ ಹೆಸರು ಅವಕ್ಕೆ ಸಲ್ಲುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಲೇಬೇಕು. ಸಂಗಮದಿಂದ ಕೆಲವೇ ಕಿಲೋಮೀಟರ್ ಕೆಳಗೆ ಮೇಕೆದಾಟು. ಮೇಕೆಯೊಂದು ಹಾರಿ ದಾಟಿತೆಂಬುದು ಜನರ ಮಾತು. ಅಷ್ಟು ವಿಶಾಲವಾದ ಕಾವೇರಿಯು ಇಲ್ಲಿ ಬಂಡೆಗಳ ನಡುವಣ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಅಗಲ ಕುಗ್ಗಿದಾಗ ನೀರಿಗೆ ಆಳವೂ ರಭಸವೂ ಹೆಚ್ಚುವುದು ಸಹಜ. ನೀರು ಯುಗಯುಗಗಳಿಂದ ಉಜ್ಜಿದ ಬಂಡೆ ನುಣುಪಾಗಿದೆ. ತೇವವಾದಲ್ಲಿ ಹೆಜ್ಜೆ ನಿಲ್ಲದು. ಮೇಲಣ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ. ಮೊಬೈಲು ಎತ್ತಿ ಹಿಂದಹಿಂದಕ್ಕೆ ಹೆಜ್ಜೆಯಿಡುವವನ ಕಣ್ಣು ಪರದೆಯ ಮೇಲಿರುತ್ತದೆ, ಕಾಲ ಕೆಳಗಿರುವುದಿಲ್ಲ. ಈ ಕಾವೇರಿಯ ಮಡಿಲಿನಲ್ಲಿ ಎಷ್ಟೋ ಮನೆಗಳ ದೀಪ ಆರಿಹೋದ ಸುದ್ದಿಯನ್ನು ವರ್ಷ ವರ್ಷವೂ ಓದಿದ್ದೇವೆ. ಕೊನೆಯ ಚಿತ್ರವೇ ಗೋಡೆಯ ಮೇಲಿನ ಚಿತ್ರವಾಗುವ ದುಃಖ ಯಾವ ತಾಯಿಗೂ ಬಾರದಿರಲಿ. ಮಕ್ಕಳ ಚಿತ್ರ ತೆಗೆಯುವಾಗ ಹಿರಿಯರೊಬ್ಬರು ಬರಿಗೈಯಲ್ಲಿ, ಅವರನ್ನೇ ನೋಡುತ್ತ ನಿಂತಿರಬೇಕು. ಬಂಡೆಯ ಅಂಚು ಯಾರಿಗೂ ಬೇಡ.

ಹಾಗಾದರೆ ಯಾವ ಚಿತ್ರ ತೆಗೆಯಬೇಕು? ನೆರಳಿನಲ್ಲಿ ಮೊಮ್ಮಗನಿಗೆ ತುತ್ತು ಕೊಡುವ ಅಜ್ಜಿ, ವರ್ಷವೆಲ್ಲ ದುಡಿದು ಇಂದು ಕಾಲು ಚಾಚಿ ಕುಳಿತ ತಾಯಿ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವ ಸೋದರಮಾವ. ಇಂತಹ ಐದಾರು ಸಾಕು. ಊರಿಗೆ ಮರಳಿದ ಮೇಲೆ ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಹೆಸರು, ಸ್ಥಳ, ಇಸವಿಗಳನ್ನು ಬರೆದಿಡಿರಿ. ಹೆಸರಿಲ್ಲದ ಚಿತ್ರವು ಎರಡು ತಲೆಮಾರು ಕಳೆದರೆ ಬರಿಯ ಛಾಯೆಯಾಗಿ ಉಳಿಯುತ್ತದೆ. ಹೆಸರಿದ್ದರೆ, ನಾಳೆ ಹುಟ್ಟುವ ಮಗುವಿಗೂ ತನ್ನ ಮುತ್ತಜ್ಜಿಯ ಮುಖ ಪರಿಚಯವಾಗುತ್ತದೆ.